ಅಣಬೆ ಬೇಯಿಸಿದ ನೀರು ಬಸಿಯಬೇಡಿ

ಮೆದುಳಿಗೆ, ನೆನಪಿನ ಶಕ್ತಿಗೆ ಒಳ್ಳೆಯದಂತೆ ಎಂದು ಅಣಬೆ ತರುವವರು ಈಗೀಗ ಹೆಚ್ಚಾಗಿದ್ದಾರೆ. ಆದರೆ ತಂದದ್ದನ್ನು ಉಪ್ಪು, ಅರಿಶಿನ ಹಾಕಿದ ನೀರಿನಲ್ಲಿ ಚೆನ್ನಾಗಿ ಕುದಿಸಿ, ಬಸಿದು, ಹಿಂಡಿ, ಆಮೇಲೆ ಒಗ್ಗರಣೆಗೆ ಹಾಕುವವರೂ ಅವರೇ. ಯಾವುದಕ್ಕಾಗಿ ಅಣಬೆ ತಂದರೋ ಅದರ ಒಳ್ಳೆಯ ಪಾಲು ಆಗಲೇ ಮೋರಿ ಸೇರಿರುತ್ತದೆ.

ಹಾಗೆ ಹರಿದುಹೋಗುವ ವಸ್ತುವಿನ ಹೆಸರು ಎರ್ಗೋಥಿಯೋನೀನ್. 1909ರಲ್ಲೇ ಪತ್ತೆಯಾಗಿದ್ದ ಈ ಅಮೈನೋ ಆಮ್ಲವನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಅದನ್ನು ಜೀವಕೋಶದೊಳಕ್ಕೆ ಸಾಗಿಸುವ ಪ್ರೋಟೀನ್ ಯಾವುದೆಂದು 2005ರಲ್ಲಿ ಜರ್ಮನಿಯ ಕಲೋನ್‌ನ ಸಂಶೋಧಕರು ಗುರುತಿಸಿದರು. ಎರ್ಗೋಥಿಯೋನೀನ್ ಮೆದುಳಿಗೂ ತಲುಪುತ್ತದೆ, ಅಲ್ಲಿನ ಕೋಶಗಳ ಸವೆತವನ್ನು ತಡೆಯಬಹುದು ಎಂಬುದು ಪ್ರಯೋಗಾಲಯಗಳ ಅಂದಾಜು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ 60 ದಾಟಿದ 663 ಮಂದಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿ ಪ್ರಕಾರ, ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು ಅಣಬೆ ತಿನ್ನುವವರಲ್ಲಿ ಲಘು ಮರೆವಿನ ತೊಂದರೆಯ ಸಾಧ್ಯತೆ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಇದು ನಂಟು ಮಾತ್ರ, ಸಾಬೀತಲ್ಲ. ಅಣಬೆಯಿಂದ ಮರೆವು ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಆಯ್ಕೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಬಿಳಿಯ ಬಟನ್ ಅಣಬೆ. ಪಕ್ಕದಲ್ಲೇ ಚಿಪ್ಪು ಅಣಬೆ ಸಿಕ್ಕರೆ ಅದನ್ನೇ ಹಿಡಿಯಿರಿ: ಎರ್ಗೋಥಿಯೋನೀನ್ ಅದರಲ್ಲಿ ಬಟನ್‌ಗಿಂತ ಹಲವು ಪಟ್ಟು ಹೆಚ್ಚು. ಶಿಟಾಕೆಯೂ ಒಳ್ಳೆಯದೇ, ಜೇಬು ಒಪ್ಪಬೇಕಷ್ಟೆ. ಪೊಟ್ಟಣದ ಒಳಗೆ ನೀರು ನಿಂತಿದ್ದರೆ, ಮುಟ್ಟಿದಾಗ ಲೋಳೆ ಹತ್ತಿದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಕಾಗದದ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ.

ಇನ್ನು ತೊಳೆಯುವುದು. ಹರಿಯುವ ನೀರಿನಲ್ಲಿ ಬೇಗ ಬೇಗ ತೊಳೆದು ಬಟ್ಟೆಯಲ್ಲಿ ಒರೆಸಿದರೆ ಸಾಕು. ನೆನೆಹಾಕುವುದು ಬೇಡ.

ಬೇಯಿಸುವುದರಲ್ಲೇ ಎಲ್ಲ ಇರುವುದು. ಎರ್ಗೋಥಿಯೋನೀನ್ ಬಿಸಿಗೆ ಜಗ್ಗುವುದಿಲ್ಲ, ನೀರಿಗೆ ಮಾತ್ರ ಸುಲಭವಾಗಿ ಇಳಿದುಬಿಡುತ್ತದೆ. ಹಾಗಾಗಿ ಎಷ್ಟು ಹೊತ್ತು ಬೇಯಿಸಿದಿರಿ ಎಂಬುದು ದೊಡ್ಡದಲ್ಲ, ಬೆಂದ ನೀರು ಎಲ್ಲಿಗೆ ಹೋಯಿತು ಎಂಬುದು ದೊಡ್ಡದು. ಬಾಣಲೆ ಕಾಯಿಸಿ, ಎಣ್ಣೆಯಿಲ್ಲದೆ, ಮುಚ್ಚಳವಿಲ್ಲದೆ ಹೆಚ್ಚಿದ ಅಣಬೆ ಹಾಕಿ. ಐದು ನಿಮಿಷದಲ್ಲಿ ತಾನೇ ನೀರು ಬಿಡುತ್ತದೆ. ಅದರ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ತಾನೆ! ಆ ನೀರು ಬಾಣಲೆಯಲ್ಲೇ ಇಂಗಲಿ. ಇಂಗಿದ ಮೇಲೆ ಎಣ್ಣೆ, ಈರುಳ್ಳಿ, ಮೆಣಸಿನ ಪುಡಿ, ಕೊನೆಗೆ ಉಪ್ಪು. ಸಾರು, ಗೊಜ್ಜು, ಬಿರಿಯಾನಿ ಮಾಡುವವರಿಗೆ ಈ ಚಿಂತೆಯೇ ಇಲ್ಲ, ರಸ ಪಾತ್ರೆಯಲ್ಲೇ ಉಳಿಯುತ್ತದೆ. ಕುಕ್ಕರ್ ಕೂಗಿಸಿದರೂ ತೊಂದರೆಯಿಲ್ಲ. ಒಣ ಅಣಬೆಯಾದರೆ ನೆನೆಸಿದ ನೀರನ್ನು ಸೋಸಿ ಸಾರಿಗೇ ಹಾಕಿ. ಅಡಿಯಲ್ಲಿ ಕೂತ ಮಣ್ಣು ಮಾತ್ರ ಬಿಡಿ.

‘ಕುದಿಸಿ ಬಸಿಯದಿದ್ದರೆ ವಿಷ ಹೋಗುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಬೆಳೆಸಿದ ಅಣಬೆಯಲ್ಲಿ ಹಾಗೆ ಬಸಿದು ತೆಗೆಯಬೇಕಾದ ವಿಷವಿಲ್ಲ. ಕಾಡಿನ ಮಾರಕ ಅಣಬೆಯಲ್ಲಿರುವ ಅಮಾಟಾಕ್ಸಿನ್ ಕುದಿಸಿದರೂ ಹೋಗುವುದಿಲ್ಲ. ಬಸಿಯುವ ಅಭ್ಯಾಸ ಎರಡು ಕಡೆಯೂ ಉಪಯೋಗಕ್ಕೆ ಬಾರದು, ಆದರೂ ಅಡುಗೆಮನೆ ಬಿಟ್ಟು ಹೋಗಲೊಲ್ಲದು. ಹಾಗೆಂದು ಹಸಿಯಾಗಿ ಸಲಾಡಿಗೆ ಹೆಚ್ಚಿ ಹಾಕಬೇಡಿ. ಹಸಿ ಬಟನ್ ಅಣಬೆಯಲ್ಲಿ ಅಗಾರಿಟೀನ್ ಎಂಬ ಬೇಡದ ವಸ್ತುವಿದೆ, ಬೆಂದರೆ ಕಡಿಮೆಯಾಗುತ್ತದೆ. ಕೋಶದ ಗೋಡೆಯ ಕೈಟಿನ್ ಸಹ ಹಸಿಯಲ್ಲಿ ಹೊಟ್ಟೆಗೆ ಭಾರ.

ಎಷ್ಟು ತಿನ್ನಬೇಕು? ಸಿಂಗಪುರದವರ ಲೆಕ್ಕದಲ್ಲಿ ಒಂದು ಪಾಲೆಂದರೆ ಬೇಯಿಸಿದ ಅಣಬೆ ಮುಕ್ಕಾಲು ಕಪ್, ಸುಮಾರು 150 ಗ್ರಾಂ. ಬೆಂದಾಗ ಅಣಬೆ ಕುಗ್ಗುತ್ತದೆ, 200 ಗ್ರಾಂ ಪೊಟ್ಟಣ ಒಬ್ಬರಿಗೇ ಸರಿಹೋಗುತ್ತದೆ. ನಾಲ್ವರ ಮನೆಯಲ್ಲಿ ಒಂದು ಪೊಟ್ಟಣದ ಪಲ್ಯ ಮಾಡಿ ‘ಎಲ್ಲರೂ ತಿಂದೆವು’ ಅಂದರೆ ಅದು ಬರೀ ರುಚಿ ನೋಡಿದಂತೆ.

ಲಯನ್ಸ್ ಮೇನ್ ಎಂಬ ಅಣಬೆಯ ಮಾತ್ರೆಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಅದರ ಹೆರಿಸಿನೋನ್, ಎರಿನಾಸಿನ್ ಎಂಬ ಸಂಯುಕ್ತಗಳು ನರಕೋಶ ಬೆಳೆಯಲು ಬೇಕಾದ ಪ್ರೋಟೀನಿನ ಉತ್ಪಾದನೆಯನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಿವೆ. 2009ರಲ್ಲಿ ಜಪಾನಿನಲ್ಲಿ ಲಘು ಮರೆವಿದ್ದ 30 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಪುಡಿಯ ಮಾತ್ರೆಯನ್ನು 16 ವಾರ ತಿಂದವರ ಅಂಕ ಏರಿತು. ನಿಲ್ಲಿಸಿದ ನಾಲ್ಕೇ ವಾರದಲ್ಲಿ ಇಳಿಯಿತು. ಪ್ರಯೋಗ ತೀರಾ ಚಿಕ್ಕದು. ಹೆರಿಸಿನೋನ್ ಇರುವುದು ಅಣಬೆಯಲ್ಲಿ, ಎರಿನಾಸಿನ್ ಅದರ ಬೇರಿನಂಥ ಎಳೆಗಳಲ್ಲಿ. ಡಬ್ಬಿಯಲ್ಲಿ ಯಾವುದಿದೆ ಎಂದು ಚೀಟಿ ಓದದೆ ಕೊಳ್ಳಬೇಡಿ. ನನ್ನನ್ನು ಕೇಳಿದರೆ, ಅಷ್ಟು ದುಡ್ಡಿಗೆ ಚಿಪ್ಪು ಅಣಬೆ ತನ್ನಿ.

ಗೌಟ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇಂಥ ಡಬ್ಬಿಗೆ ಕೈಹಾಕುವ ಮೊದಲು ವೈದ್ಯರನ್ನು ಕೇಳಿ. ಮಳೆಗಾಲದಲ್ಲಿ ಗುರುತಿಲ್ಲದ ಅಣಬೆ ಕೀಳಬೇಡಿ. ಬೆಳ್ಳಿ ಚಮಚ, ಬೆಳ್ಳುಳ್ಳಿ ಪರೀಕ್ಷೆಗಳೆಲ್ಲ ಸುಳ್ಳು. ತಿಂದು ಆರು ಗಂಟೆಯೋ ಅದಕ್ಕೂ ತಡವಾಗಿಯೋ ವಾಂತಿಭೇದಿ ಶುರುವಾದರೆ, ನಡುವೆ ಚೇತರಿಸಿಕೊಂಡಂತೆ ಕಂಡರೂ, ಉಳಿದ ಅಣಬೆಯ ಜೊತೆಗೇ ಆಸ್ಪತ್ರೆಗೆ ಹೋಗಿ.