ಗೊಣ್ಣೆ ಹುಳುವಿನ ಹತೋಟಿಗೆ ಮೊದಲ ಮಳೆಯೇ ಸಕಾಲ

ಮರಳು ಮಿಶ್ರಿತ ಹಗುರ ಭೂಮಿಯಲ್ಲಿ ಶೇಂಗಾ ಬೆಳೆಯುವ ರೈತರಿಗೆ ಗೊಣ್ಣೆ ಹುಳು ಹೊಸದೇನಲ್ಲ. ಚೆನ್ನಾಗಿ ಹಬ್ಬಿದ್ದ ಬೆಳೆ ಆಗಸ್ಟ್ ಸುಮಾರಿಗೆ ಅಲ್ಲಲ್ಲಿ ಬಾಡತೊಡಗುತ್ತದೆ. ಬಾಡಿದ ಗಿಡವನ್ನು ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ. ತಾಯಿ ಬೇರನ್ನು ಹುಳು ತಿಂದು ಮುಗಿಸಿರುತ್ತದೆ. ಕಬ್ಬಿನಲ್ಲಿಯೂ ಎಲೆಗಳು ಹಳದಿಯಾಗಿ ಇಡೀ ಗುಂಪೇ ಒಣಗುತ್ತದೆ. ಈ ಹಂತದಲ್ಲಿ ಔಷಧಿಗೆ ಖರ್ಚು ಮಾಡಿದರೂ ಬೆಳೆ ಉಳಿಯುವುದು ಕಷ್ಟ. ಹತೋಟಿಯ ಕೆಲಸ ಬಿತ್ತನೆಗೆ ಮೊದಲೇ ಆರಂಭವಾಗಬೇಕು.

ಜೀವನ ಕ್ರಮ

ಗೊಣ್ಣೆ ಹುಳು ಮಣ್ಣು ಕೊರೆದು ಬದುಕುವ ದುಂಬಿಯ ಮರಿ. ರಾಜ್ಯದಲ್ಲಿ ಇವುಗಳಲ್ಲಿ ಮುಖ್ಯವಾದುದು ಹೊಲೊಟ್ರೈಕಿಯ ಕುಲದ ಸೆರ್ರೇಟ ಜಾತಿ. ಇದಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಬೇಸಿಗೆಯುದ್ದಕ್ಕೂ ಮಣ್ಣಿನ ಆಳದಲ್ಲಿ ಅಡಗಿರುವ ಕಂದು ದುಂಬಿಗಳು ಮೇ-ಜೂನ್ ತಿಂಗಳ ಮೊದಲ ಹದ ಮಳೆ ಬಿದ್ದೊಡನೆ ಸಂಜೆ ಕತ್ತಲಾಗುವ ಹೊತ್ತಿಗೆ ಹೊರಬರುತ್ತವೆ. ಬೇವು, ಜಾಲಿ, ಬೋರೆ ಮರಗಳ ಮೇಲೆ ಸೇರಿ ರಾತ್ರಿ ಎಲೆ ತಿಂದು, ಬೆಳಗಾಗುವ ಮೊದಲೇ ಮಣ್ಣಿಗೆ ಮರಳುತ್ತವೆ. ಕೆಲವು ದಿನಗಳ ನಂತರ ಹೆಣ್ಣು ದುಂಬಿ ತೇವದ ಮಣ್ಣಿನಲ್ಲಿ ಬಿಳಿ ಮೊಟ್ಟೆಗಳನ್ನಿಡುತ್ತದೆ. ಹೊರಬಂದ ಮರಿಗಳು ಮೊದಲು ಕೊಳೆತ ಪದಾರ್ಥವನ್ನೂ ಎಳೆ ಬೇರನ್ನೂ ತಿನ್ನುತ್ತವೆ. ಮೂರನೆಯ ಹಂತದಲ್ಲಿ, ಕಂದು ತಲೆಯ ಈ ಬಿಳಿ ಹುಳು ಕುಡುಗೋಲಿನಂತೆ ಬಾಗಿರುತ್ತದೆ. ಹೆಚ್ಚಿನ ಹಾನಿ ಆಗಲೇ.

ಹತೋಟಿ ಕ್ರಮಗಳು

1. ಮೊದಲ ಮಳೆಯ ನಂತರ ಕೆಲವು ದಿನ ಪ್ರತಿ ಸಂಜೆ ಮರದ ರೆಂಬೆಗಳನ್ನು ಗಳದಿಂದ ಅಲುಗಾಡಿಸಿ, ಉದುರಿದ ದುಂಬಿಗಳನ್ನು ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಮೊಟ್ಟೆಯಿಡುವ ಮುನ್ನ ಸತ್ತ ಒಂದು ಹೆಣ್ಣು ದುಂಬಿಯಿಂದ ಮುಂದಿನ ಅನೇಕ ಹುಳುಗಳು ತಪ್ಪುತ್ತವೆ.

2. ಸುಗ್ಗಿಯಾದ ಕೂಡಲೆ ಆಳವಾಗಿ ಉಳುಮೆ ಮಾಡಿದರೆ ಮೇಲೆ ಬಂದ ಹುಳುಗಳನ್ನು ಕಾಗೆ, ಗೊರವಂಕಗಳು ತಿನ್ನುತ್ತವೆ.

3. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಬಳಸಬೇಕು. ಅದರೊಡನೆ ಮೆಟಾರೈಜಿಯಂ ಶಿಲೀಂಧ್ರವನ್ನು ಬೆರೆಸಿ ತೇವವಿರುವ ಮಣ್ಣಿಗೆ ಸೇರಿಸಬಹುದು. ರೋಗ ತಗುಲಿದ ಹುಳು ಗಟ್ಟಿಯಾಗಿ, ಮೈಮೇಲೆ ಹಸಿರು ಬೂಷ್ಟು ಬೆಳೆಯುತ್ತದೆ.

4. ಹಿಂದೆ ಹಾಕುತ್ತಿದ್ದ ಬಿ.ಎಚ್.ಸಿ. ಪುಡಿ 1997ರಲ್ಲಿ, ಫೋರೇಟ್ ಹರಳು 2020ರ ಕೊನೆಯಲ್ಲಿ ನಿಷೇಧಗೊಂಡಿವೆ. ಹಳೆಯ ದಾಸ್ತಾನು ಉಳಿದಿದ್ದರೂ ಬಳಸಬಾರದು. ಬೀಜೋಪಚಾರದ ಔಷಧಿ ಮತ್ತು ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

ಎಲ್ಲ ದುಂಬಿಯೂ ಶತ್ರುವಲ್ಲ

ಸಗಣಿಯ ಕೆಳಗೆ ಬಿಲ ತೋಡಿ, ಸಗಣಿಯನ್ನು ಮಣ್ಣಿನೊಳಗೆ ಒಯ್ಯುವ ಪುಟ್ಟ ದುಂಬಿಗಳೂ ಇದೇ ಸಂಸಾರಕ್ಕೆ ಸೇರಿವೆ. ಇವು ಭೂಮಿಗೆ ಗೊಬ್ಬರ ಸೇರಿಸುವ ಮಿತ್ರರು, ಇವನ್ನು ಕೊಲ್ಲಬಾರದು. ಸಂಜೆ ಬೇವು, ಜಾಲಿಯ ಎಲೆ ತಿನ್ನುತ್ತ ಸಿಕ್ಕುವ ಕಂದು ದುಂಬಿಗಳನ್ನು ಮಾತ್ರ ಆರಿಸಬೇಕು.

ಊರೇ ಸೇರಬೇಕು

ದುಂಬಿಗೆ ಹೊಲದ ಬದುವಿನ ಗಡಿಯಿಲ್ಲ. ಒಬ್ಬ ರೈತ ತನ್ನ ಮರವನ್ನಷ್ಟೇ ಅಲುಗಾಡಿಸಿದರೆ ಪಕ್ಕದ ಮರದ ದುಂಬಿ ಅವನ ಹೊಲದಲ್ಲಿಯೇ ಮೊಟ್ಟೆಯಿಡಬಹುದು. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಏಪ್ರಿಲ್ ತಿಂಗಳಲ್ಲಿಯೇ ಊರಿನ ಬೇವು, ಜಾಲಿ, ಬೋರೆ ಮರಗಳನ್ನು ಗುರುತಿಸಿ, ಒಂದೊಂದು ಗುಂಪಿಗೆ ಕೆಲವು ಮರಗಳನ್ನು ವಹಿಸಿಕೊಡುವುದು ಒಳ್ಳೆಯದು. ಗಳ, ಬಕೆಟ್, ದೀಪ ಸಿದ್ಧವಿದ್ದರೆ ಸಾಕು. ಮೊದಲ ಮಳೆ ಬಿದ್ದ ಸಂಜೆಯೇ ಕೆಲಸ ಆರಂಭಿಸಬಹುದು.