ಪಂಪು ಅತ್ತ ಇಡು, ದೋಣಿ ಮೇಲೆಳೆ



ಅಳಿಯ, ಜಗಲಿಯಲ್ಲಿ ಕೂತು ಹೇಳಿದರೆ ನೀನು ಮೊಬೈಲು ನೋಡುತ್ತಾ ‘ಹ್ಞೂಂ ಮಾವ’ ಅನ್ನುತ್ತೀ. ಅಚ್ಚಿನಲ್ಲಿ ಬಂದರಾದರೂ ಓದುತ್ತೀಯೇನೋ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಿನ್ನ ಹಾಗೆ ಹಳೆ ಫೈಬರ್ ದೋಣಿ ಕೊಂಡು ಭಾನುವಾರ ನೆಂಟರಿಷ್ಟರನ್ನು ಹೊಳೆ ತಿರುಗಿಸುವ ಬೇರೆ ಹುಡುಗರೂ ಓದಲಿ.

ದೋಣಿಯೊಳಗೆ ನೀರು ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ನೀನು ಮಾಡಿದ್ದೆಂತ? ಇನ್ನೂ ಒಂದು ಪಂಪು ತಂದೆ. ಸಾಲದ್ದಕ್ಕೆ, ‘ನಿಮ್ಮ ಕಾಲದ ದೋಣಿ ಒಸರುತ್ತಿರಲಿಲ್ವಾ ಮಾವ?’ ಅಂತ ಕೇಳಿದೆ.

ಒಸರುತ್ತಿತ್ತು ಮಾರಾಯ. ಗಂಗೊಳ್ಳಿ ದಡದಲ್ಲಿ ಬಿಸಿಲಿಗೆ ಒಣಗಿದ ಮರದ ದೋಣಿಯನ್ನು ನೀರಿಗಿಳಿಸಿದ ಮೊದಲ ದಿನ ಹಲಗೆ ಸಂದಿಯಿಂದೆಲ್ಲ ನೀರು ಬರುತ್ತಿತ್ತು. ಅದನ್ನು ಮೊಗೆದು ಹಾಕುವುದು ನಮ್ಮಂಥ ಹುಡುಗರ ಕೆಲಸ. ಸಂದಿಗೆ ಹತ್ತಿ ತುರುಕಿ, ಮೈಗೆಲ್ಲ ಮೀನೆಣ್ಣೆ ಬಳಿದ ದೋಣಿ ಅದು. ಸ್ನಾನ ಮಾಡಿ ಶಾಲೆಗೆ ಹೋದರೂ ವಾಸನೆ ಬಿಡುತ್ತಿರಲಿಲ್ಲ, ಪಕ್ಕದ ಹುಡುಗ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದ. ಆದರೆ ಒಂದೆರಡು ದಿನದಲ್ಲಿ ಮರ ನೀರು ಕುಡಿದು ಉಬ್ಬಿ, ಸಂದಿ ತಾನಾಗಿ ಬಿಗಿಯುತ್ತಿತ್ತು. ಫೈಬರ್ ಹಾಗೆ ಉಬ್ಬುವುದಿಲ್ಲ. ಇವತ್ತಿನ ಬಿರುಕು ಬರುವ ತಿಂಗಳು ದೊಡ್ಡದಾಗಬಹುದು, ಮುಚ್ಚುವುದಂತೂ ಇಲ್ಲ. ಒಳಗೆ ಹುದುಗಿಸಿದ ಪ್ಲೈವುಡ್ ಮಾತ್ರ ನೀರು ಕುಡಿಯುತ್ತಲೇ ಇರುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುತ್ತದೆ, ಎಂಜಿನ್ ಹೊತ್ತ ಹಿಂಬದಿ ಹಲಗೆ ಒಳಗೇ ಕೊಳೆತಿರುತ್ತದೆ.

ನಮ್ಮ ಧಕ್ಕೆಯಲ್ಲಿ ಒಬ್ಬರ ಟ್ರಾಲ್ ಬೋಟಿತ್ತು, ಹೆಸರು ಬೇಡ. ಪ್ರೊಪೆಲರ್ ಶಾಫ್ಟು ಹೊರಗೆ ಹೋಗುವ ಜಾಗದ ಪ್ಯಾಕಿಂಗ್ ಸವೆದು ನೀರು ಬರುತ್ತಿತ್ತು. ಪ್ಯಾಕಿಂಗ್ ಬದಲಿಸಿ ಎಂದು ನಾನೂ ಹೇಳಿದ್ದೆ, ದೋಣಿ ಕಟ್ಟುವ ಆಚಾರಿಯೂ ಹೇಳಿದ್ದರು. ಮಾಲಕರು ಪಂಪು ದೊಡ್ಡದು ಮಾಡಿದರು. ಹಬ್ಬಕ್ಕೆಂದು ಬೋಟು ಕಟ್ಟಿ ಎಲ್ಲರೂ ಮನೆಗೆ ಹೋದರು. ಪಂಪು ಓಡಿ ಓಡಿ ಬ್ಯಾಟರಿ ಖಾಲಿಯಾಗಿ ನಿಂತಿತು. ನಾವು ವಾಪಸು ಬಂದಾಗ ಗೂಟಕ್ಕೆ ಕಟ್ಟಿದ ಹಗ್ಗ ಬಿಗಿದು ನಿಂತಿತ್ತು, ಬೋಟು ಕೆಸರಿನಲ್ಲಿ ಕೂತಿತ್ತು. ಎಂಜಿನ್ ಬಿಚ್ಚಿ ತೊಳೆದವನು ನಾನು.

ಲೆಕ್ಕ ಬೇಕಾದರೆ ಕೇಳು. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದಿಂಚಿನ ತೂತಿದ್ದರೆ ನಿಮಿಷಕ್ಕೆ 40 ಲೀಟರಿಗಿಂತ ಹೆಚ್ಚೇ ಒಳಗೆ ಬರುತ್ತದೆ. ತೂತು ಎರಡಿಂಚಾದರೆ ಅದರ ನಾಲ್ಕು ಪಟ್ಟು. ಗಂಟೆಗೆ 500 ಗ್ಯಾಲನ್ ಎಂದು ಡಬ್ಬಿಯ ಮೇಲೆ ಬರೆದ ನಿನ್ನ ಪಂಪು ಎತ್ತುವುದು ನಿಮಿಷಕ್ಕೆ ಹೆಚ್ಚೆಂದರೆ 30 ಲೀಟರ್ ಚಿಲ್ಲರೆ. ಪೈಪು ಮೇಲಕ್ಕೆ ಹೋದಷ್ಟೂ, ಬ್ಯಾಟರಿ ಸೋತಷ್ಟೂ ಅದೂ ಇಲ್ಲ. ಅಡಿಯಲ್ಲಿ ನಿಂತ ನೀರು ನಿಂತಲ್ಲಿ ನಿಲ್ಲುವುದೂ ಇಲ್ಲ. ದೋಣಿ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಅಳಿವೆ ಬಾಯಿಯ ಅಲೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡು, ಲೈಫ್ ಜಾಕೆಟ್ ಸೀಟಿನಡಿ ಕಟ್ಟಿಟ್ಟು! ನಿನ್ನನ್ನು ಓದಿಸಿದ್ದು ಯಾಕೆ ಅಂತ ಅಕ್ಕನನ್ನೇ ಕೇಳಬೇಕು ಅನ್ನಿಸುತ್ತದೆ.

ಇರಲಿ, ಬೈದದ್ದು ಸಾಕು. ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ಹುಡುಕು. ಮಳೆ ಬಂದ ಮೇಲೆ ಮಾತ್ರ ನಿಲ್ಲುವುದಾದರೆ ಅದು ಮೇಲಿನಿಂದ ಬಂದ ನೀರು. ಸುಮ್ಮನೆ ಕಟ್ಟಿಟ್ಟಾಗಲೂ ಬಂದರೆ ನೀರಿನ ಮಟ್ಟದ ಕೆಳಗೇ ಎಲ್ಲೋ ತೂತಿದೆ. ಓಡಿಸಿದಾಗ ಅಥವಾ ಜನ ಹತ್ತಿದಾಗ ಮಾತ್ರ ಬಂದರೆ ಅಂಚಿನ ಜೋಡಣೆ ನೋಡು, ಪಂಪಿನ ಪೈಪು ನೋಡು. ಹಿಂದೆ ನಾಲ್ಕು ಜನ ಕೂತರೆ ಪೈಪಿನ ಬಾಯಿ ಮುಳುಗಿ, ನೀರು ಹೊರಹಾಕಬೇಕಾದ ಪೈಪೇ ನೀರು ಒಳಗೆ ತರುತ್ತದೆ. ಬೋಟು ನಡೆಸುವ ಹಳೆ ತಾಂಡೇಲರು ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಬೇಸಗೆಯಲ್ಲಿ ಉಪ್ಪಾದರೆ ಹೊಳೆಯದ್ದು. ಮಳೆಗಾಲದಲ್ಲಿ ಹೊಳೆಯೇ ಸಿಹಿ, ಆಗ ಈ ವಿದ್ಯೆ ನಡೆಯದು.

ಆಮೇಲೆ ದೋಣಿ ಮೇಲೆಳೆ. ಅಡಿಯ ನೀರು ಬಿಡುವ ಬಿರಡೆಯನ್ನು ನೋಡು, ಎಷ್ಟೋ ಸಲ ಕಾಯಿಲೆ ಅದರ ಸವೆದ ರಬ್ಬರಿನದ್ದೇ. ಒಳಗೆಲ್ಲ ಬಟ್ಟೆಯಲ್ಲಿ ಒರೆಸಿ, ಮಿಠಾಯಿಯ ಬಣ್ಣ ಕಲಸಿದ ನೀರನ್ನು ಅಡಿ ಮುಚ್ಚುವಷ್ಟೇ ಹುಯ್ಯಿ. ತುಂಬಿಸಬೇಡ, ಹೊರಗಿನಿಂದ ಹೊಳೆ ಒತ್ತಿ ಹಿಡಿಯದಾಗ ಅಷ್ಟು ಭಾರ ಅಡಿಗೆ ತಡೆಯದು. ಹೊರಗೆ ಬಣ್ಣ ಜಿನುಗಿದಲ್ಲಿ ಸೀಮೆಸುಣ್ಣದ ಗುರುತು ಹಾಕು. ನಮ್ಮ ಆಚಾರಿಯದೂ ಇದೇ ಉಪಾಯ, ಬಣ್ಣ ಮಾತ್ರ ಇರಲಿಲ್ಲ. ಮರಳಿನ ಮೇಲೆ ಎಳೆದಾಡಿ ಸವೆದ ಅಡಿ ಏಣು, ಎಂಜಿನ್ ಬೋಲ್ಟು, ಹಿಂದಿನ ಮಾಲಕ ಏನೋ ಕೂರಿಸಿ ಕಿತ್ತ ಸ್ಕ್ರೂ ತೂತು, ಇವನ್ನು ಬಿಡಬೇಡ. ಸ್ಕ್ರೂಡ್ರೈವರ್ ಹಿಡಿಯಿಂದ ಹಿಂಬದಿ ಹಲಗೆ ತಟ್ಟು. ಗಟ್ಟಿ ಸದ್ದು ಬಂದರೆ ಸರಿ, ‘ದೊಬ್’ ಎಂದರೆ ಒಳಗೆ ಕೊಳೆತಿದೆ.

ಸಿಲಿಕೋನ್ ಮೆತ್ತಿ ಕೈ ತೊಳೆಯಬೇಡ, ನೀರಿನಡಿ ಅದು ನಂಬಿಕೆಯದ್ದಲ್ಲ. ಬೋಲ್ಟಿಗೆ ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್ ಹಾಕು. ಬಿರುಕನ್ನು ಸುತ್ತಲೂ ಇಳಿಜಾರಾಗಿ ಉಜ್ಜಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. 5 ಮಿಲಿಮೀಟರ್ ದಪ್ಪವಿದ್ದರೆ 60 ಮಿಲಿಮೀಟರ್. ಅಸಿಟೋನಿನಲ್ಲಿ ಒರೆಸಿ, ಎಪಾಕ್ಸಿಯಲ್ಲಿ ಗ್ಲಾಸ್ ಬಟ್ಟೆ ಪದರ ಪದರವಾಗಿ ಕೂರಿಸು. ಹಳೆ ಫೈಬರಿಗೆ ಪಾಲಿಯೆಸ್ಟರಿಗಿಂತ ಅದು ಗಟ್ಟಿಯಾಗಿ ಹಿಡಿಯುತ್ತದೆ.

ಜೂನ್ 1ಕ್ಕೆ ಟ್ರಾಲ್ ಬೋಟುಗಳು ಮೇಲೆ ಬರುವಾಗ ನಿನ್ನದನ್ನೂ ಎಳೆಯುತ್ತೀಯಂತೆ. ಈಗಲೇ ಎಳೆಯಬಹುದು, ಆಗಲೂ ಎಳೆಯಬಹುದು, ತೀರ್ಮಾನ ನಿನ್ನದೇ. ಆದರೆ ಜೂನಿನ ಥಂಡಿಯಲ್ಲಿ ಯಾವ ಫೈಬರ್ ಒಣಗುತ್ತದೆ ಹೇಳು? ಒದ್ದೆಯ ಮೇಲೆ ಹಾಕಿದ ತೇಪೆ ಮುಂದಿನ ದೀಪಾವಳಿಗೆ ಎದ್ದು ಬರುತ್ತದೆ. ಈ ಬಿಸಿಲು ಬಿಟ್ಟರೆ ಮತ್ತೆ ಸಿಗದು.

ದೋಣಿ ಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ಪಂಚಗಂಗಾವಳಿ ಹೊಳೆಯ ದಡದಲ್ಲಿ ಹುಟ್ಟಿದವನಿಗೆ ಆ ಆಸೆ ಬಾರದಿದ್ದರೆ ನನಗೇ ಬೇಸರವಾಗುತ್ತಿತ್ತು. ಭಾನುವಾರ ಬೆಳಿಗ್ಗೆ ನೀರು ಏರಿದಾಗ ಎಳೆಯೋಣ. ಮರದ ದಿಂಡು, ಗ್ರೈಂಡರ್ ನಾನು ತರುತ್ತೇನೆ. ಅಸಿಟೋನು, ಮೂಗಿಗೆ ಮಾಸ್ಕು, ಕೈಗವಸು ನೀನು ತಾ. ಫೈಬರ್ ಪುಡಿಯ ತುರಿಕೆ ಮೂರು ದಿನ ಬಿಡುವುದಿಲ್ಲ, ಉದ್ದ ತೋಳಿನ ಅಂಗಿ ಹಾಕಿಕೊಂಡು ಬಾ.

ಇತಿ ನಿನ್ನ ಮಾವ