ಸೀಸವಿಲ್ಲದ ಹರಳು ಬೆಳಗುವ ಬಗೆ: ಅಭ್ಯಾಸ ಪಾಠಕ್ಕೊಂದು ಟಿಪ್ಪಣಿ

ತರಗತಿ: 10. ಅವಧಿ: 40 ನಿಮಿಷ. ಪೂರ್ವಜ್ಞಾನ: ಪರಮಾಣು ರಚನೆ, ಬೆಳಕಿನ ಬಣ್ಣಗಳು.

ಅಗಸೂರಿನಂಥ ಊರಿನ ಶಾಲೆಯಲ್ಲಿ ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗೆ ಮೊದಲ ತೊಡಕು ಬರುವುದು ಭೌತಶಾಸ್ತ್ರದಿಂದಲ್ಲ, ಪದಗಳಿಂದ. ‘ಸೀಸ’ ಎಂದೊಡನೆ ಮಕ್ಕಳಿಗೆ ಸೀಸದ ಕಡ್ಡಿ ನೆನಪಾಗುತ್ತದೆ, ಅದರಲ್ಲಿರುವುದು ಗ್ರಾಫೈಟ್. ಕೆಲವರಿಗೆ ಸೀಸೆ ನೆನಪಾದೀತು. ಇನ್ನು ‘ಸೀಸರಹಿತ ಸೀಸಿಯಂ ಹರಳು’ ಎಂದರಂತೂ ಪೂರ್ತಿ ಗೊಂದಲ. ಸೀಸದ ಪರಮಾಣು ಸಂಖ್ಯೆ 82, ಸೀಸಿಯಂನದು 55. ಹೆಸರು ಹತ್ತಿರವಾದರೂ ಎರಡಕ್ಕೂ ನಂಟಿಲ್ಲ. ಇದನ್ನು ಹಲಗೆಯ ಮೇಲೆ ಬರೆದೇ ಮುಂದೆ ಹೋಗಬೇಕು. ನಿಜವಾದ ಸೀಸ ತೋರಿಸಲು ಗಂಗಾವಳಿಯಲ್ಲಿ ಬೀಸುವ ಬಲೆಯ ಅಂಚಿನ ಗುಂಡುಗಳೇ ಸಾಕು. ಮುಟ್ಟಿದವರು ಕೈ ತೊಳೆಯಲಿ.

ಪೆರೋವ್‌ಸ್ಕೈಟ್ ಎಂಬುದು ಮೊದಲು ಒಂದು ಖನಿಜದ ಹೆಸರು. 1839ರಲ್ಲಿ ಉರಾಲ್ ಪರ್ವತದ ಮಾದರಿಯೊಂದರಲ್ಲಿ ಗುಸ್ಟಾವ್ ರೋಸ್ ಅದನ್ನು ಗುರುತಿಸಿದರು. ಈಗ ಅದೇ ಜೋಡಣೆಯ ಹರಳುಗಳಿಗೆಲ್ಲ ಆ ಹೆಸರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಕೊವಾಲೆಂಕೊ ತಂಡ ಸೀಸಿಯಂ, ಸೀಸ ಮತ್ತು ಹ್ಯಾಲೈಡ್ ಸೇರಿದ ನ್ಯಾನೊಹರಳುಗಳನ್ನು ತಯಾರಿಸಿತು. ಅವುಗಳ ಬಣ್ಣ ಅಚ್ಚುಕಟ್ಟು, ಹೊಳಪು ಹೆಚ್ಚು. ತೊಂದರೆ ಇರುವುದು ಸೀಸದಲ್ಲಿ. ಬಲೆಯ ಗುಂಡಿನ ಸೀಸ ಲೋಹರೂಪದ್ದು, ನೀರಿಗೆ ಬಿಡುವುದು ನಿಧಾನ. ಹರಳಿನದು ಲವಣರೂಪದ್ದು, ನೀರು ತಾಗಿದರೆ ಹರಳು ಒಡೆದು ಸೀಸ ಸುಲಭವಾಗಿ ಹೊರಬರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಅಲ್ಪ ಪ್ರಮಾಣದಲ್ಲೂ ಹಾನಿಕರ. ನಮ್ಮ ಕರಾವಳಿಯ ಮಳೆಗಾಲ ಕಂಡ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸೀಸದ ಬದಲು ತವರ ಹಾಕಿ ನೋಡಿದ್ದಾರೆ. ಅದು ಗಾಳಿಗೆ ಬೇಗ ಉತ್ಕರ್ಷಣೆಗೊಳ್ಳುತ್ತದೆ. ಬಿಸ್ಮತ್, ಬೆಳ್ಳಿ-ಇಂಡಿಯಂ ಜೋಡಿ, ತಾಮ್ರ ಇವೂ ಬಂದಿವೆ. ಪಾಠಕ್ಕೆ ನಾನು ಆರಿಸುವುದು ಸೀಸಿಯಂ ತಾಮ್ರ ಅಯೋಡೈಡನ್ನು. ಅದರ ಜೋಡಣೆ ಕಟ್ಟುನಿಟ್ಟಾಗಿ ಪೆರೋವ್‌ಸ್ಕೈಟಿನದಲ್ಲ, ಸಂಶೋಧಕರು ಅದೇ ಬಳಗದಲ್ಲಿಟ್ಟು ಚರ್ಚಿಸುತ್ತಾರೆ ಅಷ್ಟೆ. ಆದರೆ ಬೆಳಗುವ ಬಗೆಯನ್ನು ಕಲಿಸಲು ಇದರಷ್ಟು ಸ್ಪಷ್ಟ ಉದಾಹರಣೆ ಕಡಿಮೆ.

ಮೊದಲು ಒಂದು ಪ್ರದರ್ಶನ. ಸ್ಪಿರಿಟ್‌ನಲ್ಲಿ ಚಿಟಿಕೆ ಅರಿಶಿನ ಕದಡಿ, ಕತ್ತಲೆ ಮೂಲೆಯಲ್ಲಿಟ್ಟು, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿಯಿರಿ. ದ್ರವ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು. ಸ್ಪಿರಿಟ್ ಬಳಿ ಬೆಂಕಿ ಬೇಡ. ಒಳಹೋದ ಬೆಳಕಿಗಿಂತ ಹೊರಬಂದ ಬೆಳಕಿನ ಶಕ್ತಿ ಕಡಿಮೆ. ಉಳಿದದ್ದು ಎಲ್ಲಿ ಹೋಯಿತು? ಉತ್ತರ ಹೇಳಿಬಿಡದೆ ಸ್ವಲ್ಪ ಕಾಯಿರಿ.

ನಂತರ ಗದ್ದೆಗೆ ಬನ್ನಿ. ಗಟ್ಟಿ ಬದುವಿನ ಮೇಲೆ ನಿಂತವನು ಕೆಳಗೆ ಹಾರಿದರೆ ಪೂರ್ತಿ ಎತ್ತರದಿಂದ ಹಾರುತ್ತಾನೆ. ಬದುವೇ ಕೆಸರಾಗಿದ್ದರೆ ಹತ್ತಿದೊಡನೆ ಕಾಲು ಹೂತು ನಿಂತ ಎತ್ತರವೇ ಇಳಿಯುತ್ತದೆ, ಹಾರುವ ಎತ್ತರವೂ ಅಷ್ಟೇ ಕಡಿಮೆ. ಸೀಸಿಯಂ ತಾಮ್ರ ಅಯೋಡೈಡಿನಲ್ಲಿ ಬೆಳಕು ಹೀರಿ ಮೇಲೇರಿದ ಎಲೆಕ್ಟ್ರಾನು ಸುತ್ತಲಿನ ಪರಮಾಣುಗಳನ್ನು ಸರಿಸಿ, ತಾನೇ ಮಾಡಿದ ಕುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೂತ ಎತ್ತರವೇ ಶಾಖ, ಹಾರಿದ ಎತ್ತರವೇ ಬೆಳಕು. ಈ ಹರಳು ಸುಮಾರು 300 ನ್ಯಾನೊಮೀಟರಿನ ನೇರಳಾತೀತವನ್ನು ಹೀರಿ ಸುಮಾರು 445 ನ್ಯಾನೊಮೀಟರಿನ ನೀಲಿ ಬೆಳಕು ಕೊಡುತ್ತದೆ. ಪಿಯು ಮಕ್ಕಳಾದರೆ 1240ನ್ನು ತರಂಗದೂರದಿಂದ ಭಾಗಿಸಲಿ: 4.1 ಮತ್ತು 2.8 ಎಲೆಕ್ಟ್ರಾನ್ ವೋಲ್ಟ್. ಮೂರರಲ್ಲೊಂದು ಪಾಲು ಶಾಖವಾಯಿತು. ಹೋಲಿಕೆಗೂ ಮಿತಿಯಿದೆ: ಕೆಸರಿನ ಕುಳಿ ಉಳಿಯುತ್ತದೆ, ಹರಳಿನದು ಬೆಳಕು ಹೊರಟ ಕೂಡಲೇ ಮುಚ್ಚಿಕೊಳ್ಳುತ್ತದೆ.

ಪ್ರಶಿಕ್ಷಣಾರ್ಥಿಗಳು ಎಚ್ಚರವಹಿಸಬೇಕಾದ ಜಾಗ ಇದು. ‘ನ್ಯಾನೊಹರಳು ಚಿಕ್ಕದಾದಂತೆ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ’ ಎಂದು ಬಾಯಿಪಾಠವಾಗಿರುತ್ತದೆ. 2023ರ ರಸಾಯನಶಾಸ್ತ್ರ ನೊಬೆಲ್ ಪಡೆದ ಕ್ವಾಂಟಮ್ ಚುಕ್ಕಿಗಳಿಗೆ ಆ ಮಾತು ಸರಿ. ಇಲ್ಲಿ ಎಲೆಕ್ಟ್ರಾನು ಕೆಲವೇ ಪರಮಾಣುಗಳ ನಡುವೆ ಸಿಕ್ಕಿಬಿದ್ದಿದೆ; ಹರಳು ಚಿಕ್ಕದೋ ದೊಡ್ಡದೋ ಅದಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ ಗಾತ್ರ ಬದಲಿಸಿದರೂ ಬಣ್ಣ ಹೆಚ್ಚು ಬದಲಾಗದು. ಕುಳಿಯ ಆಳ ಒಂದೇ ಸಮವಿರದ ಕಾರಣ ಬಣ್ಣವೂ ಅಗಲವಾಗಿ ಹರಡುತ್ತದೆ. ಟಿವಿ ಪರದೆಗೆ ಇದು ಕೊರತೆ, ಮನೆಯ ದೀಪಕ್ಕೆ ಅನುಕೂಲ. 2018ರಲ್ಲಿ ವರದಿಯಾದ ಬೆಳ್ಳಿ-ಸೋಡಿಯಂ-ಇಂಡಿಯಂ ಕ್ಲೋರೈಡು ಅತ್ಯಲ್ಪ ಬಿಸ್ಮತ್ ಸೇರಿಸಿದಾಗ ಹೀಗೆಯೇ ಬೆಚ್ಚನೆಯ ಬಿಳಿ ಬೆಳಕು ಕೊಟ್ಟಿತು, ಸುಮಾರು 86 ಶೇಕಡಾ ಕ್ವಾಂಟಮ್ ದಕ್ಷತೆಯಲ್ಲಿ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ಬದು ಇನ್ನಷ್ಟು ಮೆತ್ತಗಾದರೆ ಬೆಳಕು ನೀಲಿಯ ಕಡೆಗೆ ಹೋದೀತೋ, ಕೆಂಪಿನ ಕಡೆಗೋ? ಕಾರಣವನ್ನು ಚಿತ್ರ ಬರೆದು ತೋರಿಸಲಿ.